ಸ್ಟುಟ್‌ಗಾರ್ಟ್ ಬಳಿ ಮಗಳಿಗೊಂದು ಫುಟ್‌ಬಾಲ್ ಕ್ಲಬ್ ಹುಡುಕಿದ್ದು

ಬೆಂಗಳೂರಿನಲ್ಲಿ ಮಕ್ಕಳ ಫುಟ್‌ಬಾಲ್ ಅಂದರೆ ಲೆಕ್ಕ ಸುಲಭ. ಹತ್ತಿರದ ಟರ್ಫ್ ನೋಡಿ, ತಿಂಗಳ ಫೀಸು ಕಟ್ಟಿ, ಜೆರ್ಸಿ ತಗೊಂಡರೆ ಆಯ್ತು. ಜರ್ಮನಿಯಲ್ಲಿ ಕ್ಲಬ್ ಅನ್ನೋದು ಊರಿನವರೇ ನಡೆಸುವ ಸಂಘ. ಅದಕ್ಕೆ ಸದಸ್ಯರಾಗಬೇಕು. ಚಿಕ್ಕ ಮಕ್ಕಳ ಕೋಚ್‌ಗಳು ಹೆಚ್ಚಾಗಿ ಯಾವುದೋ ಮಗುವಿನ ಅಪ್ಪ ಅಥವಾ ಅಮ್ಮ. ಆಫೀಸು ಮುಗಿಸಿ ಬಂದು ಕಲಿಸುತ್ತಾರೆ. ನಾವು ಕಟ್ಟುವುದು ವರ್ಷಕ್ಕೆ ನೂರು ಯೂರೋ ಆಸುಪಾಸು. ಹಾಗಾಗಿ ಇಲ್ಲಿ ಕ್ಲಬ್ಬಿನ ಹೆಸರು ಕೇಳಿ ಏನೂ ಗೊತ್ತಾಗಲ್ಲ. ನಿಮ್ಮ ಮಗಳ ವಯಸ್ಸಿನ ಗುಂಪನ್ನು ಯಾರು ನೋಡಿಕೊಳ್ತಾರೆ ಅನ್ನೋದೇ ಮುಖ್ಯ.

ಮಗಳಿಗೆ ಆಗ ಎಂಟು ವರ್ಷ. ಇಲ್ಲಿನ ಲೆಕ್ಕದಲ್ಲಿ ಎಫ್-ಯೂಗೆಂಟ್, ಅಂದರೆ ಆ ವಯಸ್ಸಿನ ಮಕ್ಕಳ ಗುಂಪು. ಅದಕ್ಕಿಂತ ಚಿಕ್ಕವರು ಬಂಬೀನಿ, ದೊಡ್ಡವರು ಇ, ಡಿ ಅಂತ ಮೇಲೆ ಹೋಗುತ್ತದೆ. ಒಂದು ದೊಡ್ಡ ಕ್ಲಬ್ಬಿಗೆ ಮೇಲ್ ಹಾಕಿದರೆ ವೇಟಿಂಗ್ ಲಿಸ್ಟ್ ಅಂದರು. ಕೋಚ್‌ಗಳು ಸಾಲದೆ ಎಷ್ಟೋ ಕಡೆ ಇದೇ ಕಥೆ. ಇನ್ನೆರಡು ಕ್ಲಬ್‌ಗಳು ಟ್ರಯಲ್‌ಗೆ ಕರೆದವು. ಸದಸ್ಯತ್ವ ತಗೊಳ್ಳುವ ಮುಂಚೆ ಹೀಗೆ ಕೆಲವು ಸಲ ಪುಕ್ಕಟೆ ಆಡಿ ನೋಡಬಹುದು.

ಮೊದಲನೆಯದರಲ್ಲಿ ಕೃತಕ ಹುಲ್ಲು, ದೊಡ್ಡ ಲೈಟು, ಎಲ್ಲಾ ಭರ್ಜರಿ. ನಮ್ಮ ಯಜಮಾನರಿಗೆ ನೋಡಿದ ಕೂಡಲೇ ಇಷ್ಟವಾಯಿತು. ಆದರೆ ಪ್ರಾಕ್ಟೀಸ್ ಶುರುವಾದ ಮೇಲೆ ಮಕ್ಕಳೆಲ್ಲಾ ರೇಷನ್ ಅಂಗಡಿ ಮುಂದೆ ನಿಂತಂತೆ ಸಾಲು. ಒಂದು ಸಲ ಒದಿ, ಮತ್ತೆ ಹಿಂದೆ ಹೋಗಿ ನಿಲ್ಲು. ಕೊನೆಗೆ ಮ್ಯಾಚ್ ಆಡಿಸಿದರು. ಜೋರಿದ್ದ ಹುಡುಗರ ಕಾಲಲ್ಲೇ ಬಾಲು, ಇವಳು ಸುಮ್ನೆ ಆ ಕಡೆ ಈ ಕಡೆ ಓಡಿದಳು. ಗೆರೆಯಾಚೆ ಒಬ್ಬರು ಅಪ್ಪ ಮಗನಿಗೆ ಬೈತಾನೇ ಇದ್ದರು. ಕೋಚ್ ತಡೆಯಲಿಲ್ಲ.

ಎರಡನೆಯದು ಉಬ್ಬುತಗ್ಗಿನ ಹುಲ್ಲು ಮೈದಾನ. ಅಲ್ಲಿ ಪಕ್ಕಪಕ್ಕದಲ್ಲೇ ಸಣ್ಣ ಸಣ್ಣ ಅಂಕಣ ಮಾಡಿ, ಒಂದೊಂದರಲ್ಲೂ ನಾಲ್ಕು ಪುಟ್ಟ ಗೋಲುಗಳನ್ನಿಟ್ಟು, ಮೂವರ ವಿರುದ್ಧ ಮೂವರನ್ನು ಬಿಟ್ಟರು. ಗೋಲ್‌ಕೀಪರ್ ಇಲ್ಲ. ಸುತ್ತು ಮುಗಿದಾಗ ಗೆದ್ದವರು ಒಂದು ಅಂಕಣ ಆಚೆ, ಸೋತವರು ಒಂದು ಅಂಕಣ ಈಚೆ. ಹಾಗಾಗಿ ಬೇಗನೆ ಸರಿಸಮರೇ ಎದುರಾಗುತ್ತಾರೆ. 2024-25ರ ಸೀಸನ್‌ನಿಂದ ಚಿಕ್ಕ ಮಕ್ಕಳಿಗೆ ಜರ್ಮನಿ ಪೂರ್ತಿ ಇಂಥ ಸಣ್ಣ ಗುಂಪಿನ ಆಟವೇ ಕಡ್ಡಾಯ, ಪಾಯಿಂಟ್ ಪಟ್ಟಿ ಇಲ್ಲ. ಕೆಲವರಿಗೆ ಇದು ಇಷ್ಟವಿಲ್ಲ, ಸೋಲು ಗೆಲುವು ಇಲ್ಲದೆ ಮಕ್ಕಳು ಮೆತ್ತಗಾಗ್ತಾರೆ ಅಂತಾರೆ. ನನಗೇನೋ ಹಾಗನಿಸಲಿಲ್ಲ. ಮಕ್ಕಳೇ ಗೋಲು ಎಣಿಸಿಕೊಂಡು ಜಗಳ ಆಡ್ತಿದ್ದರು.

ಮಗಳಿಗೆ ಜರ್ಮನ್ ಬರುತ್ತಿರಲಿಲ್ಲ. ಕೋಚ್ ಮೇಡಂ ಅವಳ ಮುಂದೆ ಮಂಡಿಯೂರಿ, ಹಳದಿ ಕೋನ್ ಒಂದನ್ನು ಹುಲ್ಲಿನ ಮೇಲೆ ಎಳೆದು ತೋರಿಸಿದರು: ನೀನು ಇಲ್ಲಿಂದ ಹೀಗೆ ಓಡು. ಅಷ್ಟೇ. ಮನೆಗೆ ಬರುವಾಗ ಇವಳು, "ಅಮ್ಮಾ, ಇಲ್ಲಿ ಬಾಲು ನನ್ ಹತ್ರಾನೂ ಬರುತ್ತೆ" ಅಂದಳು. ಫಾರಂ ತುಂಬಿದೆವು.

ಹುಡುಗಿಯರದೇ ತಂಡ ಬೇಕಾ ಅನ್ನೋ ಪ್ರಶ್ನೆಯೂ ಇತ್ತು. ಈ ವಯಸ್ಸಿನಲ್ಲಿ ಇಲ್ಲಿ ಹುಡುಗ ಹುಡುಗಿ ಒಟ್ಟಿಗೇ ಆಡಬಹುದು. ಬರೀ ಹುಡುಗಿಯರ ತಂಡ ನಮಗೆ ದೂರ, ಎರಡು ರೈಲು ಹತ್ತಬೇಕು. ಎಂಟು ವರ್ಷಕ್ಕೆ ಹತ್ತಿರವಿರೋದೇ ಮೇಲು, ಆದರೆ ಗುಂಪಿನಲ್ಲಿ ಇನ್ನೊಬ್ಬಳಾದರೂ ಹುಡುಗಿ ಇರಲಿ ಅನ್ನೋದು ನನ್ನ ಲೆಕ್ಕ. ಇಲ್ಲಿ ಇಬ್ಬರಿದ್ದರು. ಅಂದಹಾಗೆ, ಇದೇ ಜರ್ಮನಿಯ ಫುಟ್‌ಬಾಲ್ ಸಂಸ್ಥೆ 1955ರಿಂದ 1970ರವರೆಗೆ ತನ್ನ ಕ್ಲಬ್‌ಗಳಲ್ಲಿ ಹೆಂಗಸರ ಆಟವನ್ನೇ ನಿಷೇಧಿಸಿತ್ತು. ಆಮೇಲೆ 2003 ಮತ್ತು 2007ರಲ್ಲಿ ಮಹಿಳಾ ವಿಶ್ವಕಪ್ ಗೆದ್ದರು! ಕೋಚ್‌ಗಳ ಮೇಲೆ ಅಪರಾಧದ ದಾಖಲೆ ಇಲ್ಲ ಅನ್ನೋ ಪ್ರಮಾಣಪತ್ರ ಪಡೆದಿದ್ದೀರಾ ಅಂತಲೂ ಕ್ಲಬ್‌ನವರನ್ನು ಕೇಳಿ. ಸಂಕೋಚ ಬೇಡ, ಇಲ್ಲಿ ಅದು ಮಾಮೂಲಿ ಪ್ರಶ್ನೆ.

ಮಗುವಿಗೆ ಹತ್ತು ತುಂಬಿದ್ದರೆ ಬೇರೆ ದೇಶದಿಂದ ಬಂದವರಿಗೆ ಫಿಫಾ ನಿಯಮದ ಕಾಗದಪತ್ರ ಜಾಸ್ತಿ. ಪ್ರಾಕ್ಟೀಸ್‌ಗೆ ಹೋಗಬಹುದು, ಮ್ಯಾಚ್ ಆಡಲು ಕಾಯಬೇಕು. ಸೀಸನ್ ಜುಲೈ 1ಕ್ಕೆ ಶುರು. ಮೇ ತಿಂಗಳಲ್ಲೇ ಮೇಲ್ ಹಾಕಿದರೆ ಒಳ್ಳೇದು. ಸೇರಿದ ಮೇಲೆ ಸರದಿ ಮೇಲೆ ತಂಡದ ಜೆರ್ಸಿ ಒಗೆಯೋದು, ಟೂರ್ನಮೆಂಟ್ ದಿನ ಮಾರಲು ಕೇಕ್ ತರೋದು ನಿಮ್ಮ ಪಾಲಿಗೂ ಬರುತ್ತೆ. ನಾನು ಕೊಬ್ಬರಿ ಮಿಠಾಯಿ ತಗೊಂಡು ಹೋಗ್ತೀನಿ, ಯಾರೂ ಬೇಡ ಅಂದಿಲ್ಲ.