ವೀಗನ್ ಅಂದ್ರೆ ಬರೀ ವೆಜ್ ಅಲ್ಲ

ಮೂಡಿಗೆರೆ ಕಡೆ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಒಮ್ಮೆ ಬಂದವರೊಬ್ಬರು "ನಾನು ವೀಗನ್" ಅಂದರು. ವೆಜ್ ಅಲ್ವಾ, ಸಲೀಸಾಯ್ತು ಅಂದುಕೊಂಡು ಅಮ್ಮ ಬಿಸಿ ಕಡುಬಿನ ಮೇಲೆ ಧಾರಾಳವಾಗಿ ತುಪ್ಪ ಸುರಿದರು. ಅವರು ತಟ್ಟೆ ಮುಟ್ಟಲೇ ಇಲ್ಲ.

ವೀಗನ್ ಅಂದರೆ ಪ್ರಾಣಿಯಿಂದ ಬಂದಿದ್ದು ಏನೂ ಬೇಡ ಅನ್ನುವವರು. ಮಾಂಸ, ಮೀನು, ಮೊಟ್ಟೆ ಮಾತ್ರ ಅಲ್ಲ, ಹಾಲು, ಮೊಸರು, ಬೆಣ್ಣೆ, ತುಪ್ಪ, ಪನೀರ್ ಕೂಡ ಇಲ್ಲ. ನಾವು ಹೆಮ್ಮೆಯಿಂದ ಕೊಡುವ ಕಾಡುಜೇನೂ ಇಲ್ಲ! 1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಅವರ ಜೊತೆಯವರು ಹುಟ್ಟಿಸಿದ ಪದ ಇದು. ಇಂಗ್ಲಿಷಿನ ವೆಜಿಟೇರಿಯನ್ (vegetarian) ಅನ್ನೋದರ ಮೊದಲ ಮೂರು ಅಕ್ಷರ (veg), ಕೊನೆಯ ಎರಡು ಅಕ್ಷರ (an) ಸೇರಿಸಿದರು, ಅಷ್ಟೇ. ವೇಗನ್, ವೆಜನ್ ಅಲ್ಲ, ವೀಗನ್ ಅನ್ನಿ.

ಆಳಿಗೂ ಊಟಕ್ಕೂ ಇದೇ ಪದ: "ಅವಳು ವೀಗನ್", "ಇದು ವೀಗನ್ ಊಟ". ತೂಕ ಇಳಿಸೋಕೆ ಡಯೆಟ್ ಮಾಡೋದಕ್ಕೂ ಇದಕ್ಕೂ ಸಂಬಂಧ ಇಲ್ಲ, ಎಣ್ಣೆಯಲ್ಲಿ ಕರಿದ ಮೆಣಸಿನಕಾಯಿ ಬಜ್ಜಿಯೂ ವೀಗನ್ನೇ. ಹೋಟೆಲಿನ "ಪ್ಯೂರ್ ವೆಜ್" ಬೋರ್ಡ್ ನಂಬಬೇಡಿ. ಪ್ಯಾಕೆಟ್ ಮೇಲಿನ ಹಸಿರು ಚುಕ್ಕೆಯೂ ಸಾಲದು, ಹಾಲು, ಜೇನು ಹಾಕಿದ್ದಕ್ಕೂ ಅದೇ ಚುಕ್ಕೆ ಇರುತ್ತೆ. ಇಂಗ್ಲಿಷಿನ V ಅಕ್ಷರದ ಹಸಿರು ವೀಗನ್ ಗುರುತು ಬೇರೆಯೇ ಇದೆ, ಅದನ್ನು ಹುಡುಕಿ, ಇಲ್ಲದಿದ್ದರೆ ಹಿಂದೆ ಸಣ್ಣಕ್ಷರದಲ್ಲಿ ಹಾಲಿನ ಪುಡಿ ಇದೆಯಾ ನೋಡಿ. ಬಿಸ್ಕೆಟ್‌ನಲ್ಲಿ ಜಾಸ್ತಿ.

ಅಡುಗೆಗೆ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ. ಅಕ್ಕಿರೊಟ್ಟಿ, ಕಾಯಿಚಟ್ನಿ, ಪತ್ರೊಡೆ, ಕಳಲೆ ಪಲ್ಯ, ಹುರುಳಿ ಸಾರು ಎಲ್ಲ ನಡೆಯುತ್ತೆ, ಒಗ್ಗರಣೆ ಎಣ್ಣೆಯದಾದರೆ ಸಾಕು. ಒತ್ತು ಶಾವಿಗೆಗೆ ಬೆಲ್ಲದ ಕಾಯಿಹಾಲು ಇದ್ದರಂತೂ ಹಬ್ಬ, ಹೆಸರಲ್ಲಿ ಹಾಲಿದ್ದರೂ ಅದು ತೆಂಗಿನದು. ತಂಬುಳಿ, ಮಜ್ಜಿಗೆಹುಳಿ ಬೇಡ. ಕಾಫಿಗೆ ಬೆಲ್ಲ ಹಾಕಿ ಹಾಲಿಲ್ಲದೆ ಕೊಡಿ.

ನೀವೇ ವೀಗನ್ ಆಗಿ ಹಾಸನದ ಹೋಟೆಲಿಗೆ ಹೋದರೆ ಆ ಪದವನ್ನೇ ಹೇಳಬೇಡಿ. "ಅಣ್ಣಾ, ಹಾಲು, ಮೊಸರು, ಬೆಣ್ಣೆ, ತುಪ್ಪ ಏನೂ ಬೇಡ, ದೋಸೆ ಎಣ್ಣೆಯಲ್ಲೇ ಹಾಕಿ" ಅನ್ನಿ. ಎಲ್ಲ ಕೇಳಿಸಿಕೊಂಡು, "ಸರಿ, ಕುಡಿಯೋಕೆ ಮಜ್ಜಿಗೆ ಕೊಡ್ಲಾ?" ಅಂತಾರೆ. ಅದಕ್ಕೂ ರೆಡಿ ಇರಿ.