ಹೋಮ್ ಥಿಯೇಟರ್‌ಗೆ ಡಿಜಿಟಲ್ ಆಡಿಯೋ ಕೇಬಲ್: ಕಲಬುರಗಿ, ಬೀದರ್, ಯಾದಗಿರಿಯ ಮನೆಗಳಿಗೆ ಯಾವುದು ಸರಿ?

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಹೋಗಿ ಟಿವಿಯಿಂದ ಸೌಂಡ್‌ಬಾರ್‌ಗೆ ಹಾಕುವ ಕೇಬಲ್ ಬೇಕೆಂದು ಕೇಳಿದರೆ, ಅಂಗಡಿಯವರು ಮೊದಲು ಕೇಳುವುದು ಎಷ್ಟು ಮೀಟರ್ ಬೇಕು, ಎಷ್ಟು ರೂಪಾಯಿವರೆಗಿನದು ಬೇಕು ಎಂದು. ಈ ಎರಡಕ್ಕೂ ಉತ್ತರ ಹೇಳುವ ಮೊದಲು ಮನೆಯಲ್ಲೇ ತಿಳಿದುಕೊಂಡು ಹೋಗಬೇಕಾದ ಸಂಗತಿಗಳಿವೆ: ಟಿವಿ ಎಂಥ ಧ್ವನಿಯನ್ನು ಹೊರಗೆ ಕಳಿಸುತ್ತದೆ, ಸೌಂಡ್‌ಬಾರ್ ಅಥವಾ ರಿಸೀವರ್ (ಸ್ಪೀಕರ್‌ಗಳನ್ನು ನುಡಿಸುವ ಆಂಪ್ಲಿಫೈಯರ್ ಪೆಟ್ಟಿಗೆ) ಅದರಲ್ಲಿ ಎಷ್ಟನ್ನು ಸ್ವೀಕರಿಸಬಲ್ಲದು, ಮತ್ತು ಮನೆಯ ಅರ್ಥಿಂಗ್ ನಿಜವಾಗಿ ಕೆಲಸ ಮಾಡುತ್ತಿದೆಯೇ. ಮೊದಲೆರಡನ್ನು ಕೆಲವರಾದರೂ ವಿಚಾರಿಸುತ್ತಾರೆ. ಮೂರನೆಯದನ್ನು ಯಾರೂ ವಿಚಾರಿಸುವುದಿಲ್ಲ; ನಮ್ಮ ಭಾಗದಲ್ಲಿ ಅದೇ ಎಷ್ಟೋ ಸಲ ಆಯ್ಕೆಯನ್ನು ನಿರ್ಧರಿಸುತ್ತದೆ.

ಮೊದಲು ಟಾರ್ಚ್ ಹಿಡಿದು ಎರಡೂ ಉಪಕರಣಗಳ ಹಿಂಬದಿಯನ್ನು ನೋಡಿ, ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಬೇಕು. ಅಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಡಿಜಿಟಲ್ ಕಿಂಡಿಗಳು ಕಾಣುತ್ತವೆ. ಸಣ್ಣ ಮುಚ್ಚಳವಿರುವ ಚೌಕಾಕಾರದ ಕಿಂಡಿ ಆಪ್ಟಿಕಲ್, ಒಂಟಿಯಾಗಿರುವ, ಹೆಚ್ಚಾಗಿ ಕಿತ್ತಳೆ ಅಥವಾ ಕಪ್ಪು ಬಣ್ಣದ ದುಂಡು ಕಿಂಡಿ ಕೋಆಕ್ಸಿಯಲ್, ಚಪ್ಪಟೆಯಾದದ್ದು ಎಚ್‌ಡಿಎಂಐ. ಟಿವಿಯಲ್ಲಿ ಎಚ್‌ಡಿಎಂಐ ಕಿಂಡಿಗಳು ಎರಡು ಮೂರು ಇದ್ದರೂ ಧ್ವನಿಯನ್ನು ಹೊರಗೆ ಕಳಿಸುವುದು ಅವುಗಳಲ್ಲಿ ಒಂದೇ ಆಗಿರುತ್ತದೆ. ಅದರ ಪಕ್ಕದಲ್ಲಿ ಎಆರ್‌ಸಿ (ARC, ಧ್ವನಿ ಹಿಂದಿರುಗುವ ದಾರಿ) ಅಥವಾ ಅದರ ಸುಧಾರಿತ ರೂಪವಾದ ಇಎಆರ್‌ಸಿ (eARC) ಎಂದು ಬರೆದಿರುತ್ತದೆ. ಈ ಬರಹವನ್ನು ನೋಡದೆ ಬೇರೊಂದು ಕಿಂಡಿಗೆ ಸಿಕ್ಕಿಸಿ, ಧ್ವನಿ ಬಾರದಿದ್ದಾಗ ಕೇಬಲ್ಲೇ ಕೆಟ್ಟಿದೆಯೆಂದು ಅಂಗಡಿಗೆ ಮರಳಿಸುವವರು ಬಹಳ.

ಆಪ್ಟಿಕಲ್ ಮತ್ತು ಕೋಆಕ್ಸಿಯಲ್ ನೋಡಲು ಬೇರೆಯಾದರೂ ಸಾಗಿಸುವುದು ಒಂದೇ ಸಂಕೇತವನ್ನು. ಸೋನಿ ಮತ್ತು ಫಿಲಿಪ್ಸ್ ಕಂಪನಿಗಳು ಕೂಡಿ ರೂಪಿಸಿದ ಎಸ್‌ಪಿಡಿಐಎಫ್ ಎಂಬ ಈ ಪದ್ಧತಿ ಕೋಆಕ್ಸಿಯಲ್‌ನಲ್ಲಿ ವಿದ್ಯುತ್ತಾಗಿಯೂ, ಆಪ್ಟಿಕಲ್‌ನಲ್ಲಿ ಕೆಂಪು ಬೆಳಕಾಗಿಯೂ ಹರಿಯುತ್ತದೆ. ಆಪ್ಟಿಕಲ್ ಜೋಡಣೆಯನ್ನು ತೋಷಿಬಾ 1983ರಲ್ಲಿ ತಂದಿತು. ಅದಕ್ಕೆ ಟಾಸ್‌ಲಿಂಕ್ ಎಂಬ ಹೆಸರು ಬಂದದ್ದು ಅದರಿಂದಲೇ. ಸಿಡಿಗಳ ಕಾಲದಲ್ಲಿ ಹುಟ್ಟಿದ ಈ ಪದ್ಧತಿಯ ಸಾಮರ್ಥ್ಯಕ್ಕೆ ಮಿತಿಯಿದೆ. ಸಂಕುಚನಗೊಳ್ಳದ, ಅಂದರೆ ಗಾತ್ರ ಕುಗ್ಗಿಸದ, ಎರಡು ಚಾನೆಲ್‌ಗಳ (ಬೇರೆಬೇರೆ ಸ್ಪೀಕರ್‌ಗೆ ಹೋಗುವ ಧ್ವನಿಧಾರೆಗಳ) ಸ್ಟೀರಿಯೋ, ಇಲ್ಲವೇ ಸಂಕುಚನಗೊಂಡ 5.1 (ಐದು ಸ್ಪೀಕರ್, ಒಂದು ಬಾಸ್ ಸ್ಪೀಕರ್) ಚಾನೆಲ್‌ಗಳ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ಅದರಲ್ಲಿ ಸಾಗುತ್ತದೆ. ಬ್ಲೂರೇ ತಟ್ಟೆಗಳಲ್ಲಿರುವ ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್ ಎಚ್‌ಡಿ ಮಾಸ್ಟರ್ ಆಡಿಯೋ ಸಾಗುವುದಿಲ್ಲ. ಓಟಿಟಿ ಆ್ಯಪ್‌ಗಳು ಕಳಿಸುವ ಡಾಲ್ಬಿ ಡಿಜಿಟಲ್ ಪ್ಲಸ್ ಕೂಡ ಇದ್ದ ಹಾಗೆ ಸಾಗುವುದಿಲ್ಲ, ಹೀಗಾಗಿ ಅದರೊಳಗೆ ಬರುವ, ಮೇಲಿನಿಂದಲೂ ಧ್ವನಿ ಕೇಳಿಸುವ ಡಾಲ್ಬಿ ಅಟ್ಮಾಸ್ ಕೂಡ ಇಲ್ಲ. ಎಷ್ಟೇ ದುಬಾರಿ ಆಪ್ಟಿಕಲ್ ಕೇಬಲ್ ತಂದರೂ ಈ ಮಿತಿ ಸರಿಯುವುದಿಲ್ಲ.

ಎಚ್‌ಡಿಎಂಐ ಈ ಮಿತಿಯನ್ನು ಎರಡು ಹಂತಗಳಲ್ಲಿ ದಾಟಿತು. 2009ರಲ್ಲಿ ಬಂದ 1.4ನೇ ಆವೃತ್ತಿಯೊಡನೆ ಎಆರ್‌ಸಿ ಸೇರಿಕೊಂಡು, ಟಿವಿಗೆ ಚಿತ್ರ ತರುವ ಕೇಬಲ್ಲಿನಲ್ಲೇ ಧ್ವನಿ ಹಿಂದಿರುಗುವಂತಾಯಿತು. ಟಿವಿ ಮತ್ತು ಸೌಂಡ್‌ಬಾರ್ ಎರಡೂ ಒಪ್ಪಿದರೆ ಡಾಲ್ಬಿ ಡಿಜಿಟಲ್ ಪ್ಲಸ್‌ನೊಳಗಿನ ಅಟ್ಮಾಸ್ ಇದರಲ್ಲಿ ಬರುತ್ತದೆ. 2017ರ 2.1ನೇ ಆವೃತ್ತಿಯ ಇಎಆರ್‌ಸಿ ಸೆಕೆಂಡಿಗೆ ಸುಮಾರು 37 ಮೆಗಾಬಿಟ್‌ವರೆಗೆ ಒಯ್ಯುವುದರಿಂದ ಬ್ಲೂರೇಯ ಪೂರ್ಣ ಧ್ವನಿಯೂ ಸಾಗುತ್ತದೆ, ತುಟಿಯ ಚಲನೆಗೂ ಮಾತಿಗೂ ಹೊಂದಾಣಿಕೆ ತಪ್ಪದಂತೆ ನೋಡಿಕೊಳ್ಳುವ ವ್ಯವಸ್ಥೆಯೂ ಅದರಲ್ಲಿ ಕಡ್ಡಾಯವಾಗಿದೆ. ಆದ್ದರಿಂದ ಎರಡೂ ಕಡೆ ಇಎಆರ್‌ಸಿ ಇದ್ದು, ಮನೆಯ ಅರ್ಥಿಂಗ್ ಚೆನ್ನಾಗಿದ್ದರೆ ಎಚ್‌ಡಿಎಂಐ ಬಿಟ್ಟು ಬೇರೆಯದನ್ನು ಹುಡುಕುವ ಅಗತ್ಯವಿಲ್ಲ. ಎಆರ್‌ಸಿ ಬಳಸುವಾಗ ಟಿವಿಯ ಸೆಟ್ಟಿಂಗ್‌ನಲ್ಲಿ ಸಿಇಸಿ (ಉಪಕರಣಗಳು ಒಂದನ್ನೊಂದು ನಿಯಂತ್ರಿಸುವ ಸೌಲಭ್ಯ) ಎಂಬುದನ್ನು ಚಾಲೂ ಮಾಡಬೇಕಾಗುತ್ತದೆ. ಪ್ರತಿ ಕಂಪನಿಯೂ ಅದಕ್ಕೆ ತನ್ನದೇ ಹೆಸರಿಟ್ಟಿರುವುದರಿಂದ ಕೈಪಿಡಿ ನೋಡಿ ಗುರುತಿಸಬೇಕು. ಟಿವಿಯ ಡಿಜಿಟಲ್ ಆಡಿಯೋ ಔಟ್‌ಪುಟ್ ಪಿಸಿಎಂನಲ್ಲಿ (ಸಂಕುಚನಗೊಳ್ಳದ ಧ್ವನಿಯಲ್ಲಿ) ಇದ್ದರೆ ಆಪ್ಟಿಕಲ್‌ನಲ್ಲಿ ಬರೀ ಸ್ಟೀರಿಯೋ ಬರುತ್ತದೆ. ಅದನ್ನು ಆಟೋ, ಬಿಟ್‌ಸ್ಟ್ರೀಮ್ ಅಥವಾ ಪಾಸ್‌ಥ್ರೂಗೆ ಬದಲಿಸಬೇಕು.

ಈಗ ಅರ್ಥಿಂಗ್ ವಿಷಯ. ಕೋಆಕ್ಸಿಯಲ್ ಮತ್ತು ಎಚ್‌ಡಿಎಂಐ ಎರಡೂ ತಾಮ್ರದ ಕೇಬಲ್‌ಗಳು. ಅವುಗಳ ಹೊರ ಕವಚ ಒಂದು ಉಪಕರಣದ ಲೋಹದ ಮೈಯನ್ನು ಇನ್ನೊಂದರ ಮೈಗೆ ಜೋಡಿಸಿಬಿಡುತ್ತದೆ. ಟಿವಿ ಒಂದು ಗೋಡೆಯ ಸಾಕೆಟ್‌ನಲ್ಲಿ, ಆಂಪ್ಲಿಫೈಯರ್ ಇನ್ನೊಂದು ಗೋಡೆಯಲ್ಲಿ, ಸೆಟ್‌ಟಾಪ್ ಬಾಕ್ಸ್‌ಗೆ ಬೀದಿಯ ಕಂಬದಿಂದ ಬಂದ ಕೇಬಲ್, ಹೀಗೆ ಮೂರು ಕಡೆಯ ಅರ್ಥ್‌ನ ವೋಲ್ಟೇಜ್ ಮಟ್ಟಗಳು ಬೇರೆಬೇರೆಯಾಗಿದ್ದರೆ ಆ ಕವಚದ ಮೂಲಕವೇ ಸಣ್ಣ ವಿದ್ಯುತ್ ಹರಿದು, ಸ್ಪೀಕರ್‌ನಲ್ಲಿ 50 ಹರ್ಟ್ಸ್‌ನ ಗುಂಯ್ ಎಂಬ ಸದ್ದು ಕೇಳತೊಡಗುತ್ತದೆ. ಕಲಬುರಗಿ, ಯಾದಗಿರಿಯ ಎರೆಮಣ್ಣು ಮಳೆಗಾಲದಲ್ಲಿ ಹಸಿಯಾಗಿದ್ದು ಅರ್ಥಿಂಗ್ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ ಆ ಹಿಡಿತ ಸಡಿಲವಾಗುತ್ತದೆ. ಬೀದರ್‌ನ ಜಂಬಿಟ್ಟಿಗೆ ನೆಲದಲ್ಲಿಯೂ ನೀರು ಆರಿದ ಮೇಲೆ ಅರ್ಥಿಂಗ್ ದುರ್ಬಲವಾಗುವುದು ಸಹಜ. ದೀಪಾವಳಿಯಲ್ಲಿ ತಂದಾಗ ಸ್ವಚ್ಛವಾಗಿ ನುಡಿದ ಸಿಸ್ಟಂ ಯುಗಾದಿಯ ನಂತರ ಗುಂಯ್‌ಗುಡುವುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಪರೀಕ್ಷಿಸಲು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಅವರನ್ನು ಕರೆಸಿ, ಸಾಕೆಟ್‌ನಲ್ಲಿ ಫೇಸ್ ಮತ್ತು ಅರ್ಥ್ ನಡುವಿನ ವೋಲ್ಟೇಜನ್ನೂ, ನ್ಯೂಟ್ರಲ್ ಮತ್ತು ಅರ್ಥ್ ನಡುವಿನದನ್ನೂ ಅಳೆಯಿಸಬೇಕು. ಮೊದಲನೆಯದು ಫೇಸ್ ಮತ್ತು ನ್ಯೂಟ್ರಲ್ ನಡುವಿನ ವೋಲ್ಟೇಜಿಗೆ ಹತ್ತಿರವಿದ್ದು, ಎರಡನೆಯದು ಕೆಲವೇ ವೋಲ್ಟ್ ಇದ್ದರೆ ಸಾಧಾರಣವಾಗಿ ಸರಿ. ಎರಡನೆಯದು ಪೂರ್ತಿ ಸೊನ್ನೆ ತೋರಿಸಿದರೆ ಸಂತೋಷಪಡುವ ಬದಲು ಸಾಕೆಟ್ ಬಿಚ್ಚಿಸಿ ನೋಡಬೇಕು, ಏಕೆಂದರೆ ಅರ್ಥಿಂಗ್ ಹಾಕುವ ಬದಲು ನ್ಯೂಟ್ರಲ್ ತಂತಿಯನ್ನೇ ಅರ್ಥ್ ಪಿನ್‌ಗೆ ಸೇರಿಸಿರಬಹುದು, ಮತ್ತು ಅದು ಜೀವಕ್ಕೇ ಅಪಾಯ. ಸದ್ದು ನಿಲ್ಲಿಸಲು ಮೂರು ಪಿನ್‌ನ ಪ್ಲಗ್ಗಿನ ಅರ್ಥ್ ಪಿನ್ನನ್ನು ಮುರಿದುಹಾಕುವ ಉಪಾಯವನ್ನು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ.

ಅರ್ಥಿಂಗ್ ಸರಿಪಡಿಸುವುದು ಬಾಡಿಗೆ ಮನೆಯಲ್ಲಿ ಕೈಗೂಡದಿದ್ದರೆ ಆಪ್ಟಿಕಲ್ ಕೇಬಲ್ಲಿಗೆ ನಿಜವಾದ ಬೆಲೆ ಬರುತ್ತದೆ. ಅದರೊಳಗಿರುವುದು ಪ್ಲಾಸ್ಟಿಕ್ ಎಳೆ. ಅದರಲ್ಲಿ ವಿದ್ಯುತ್ ಹರಿಯುವುದೇ ಇಲ್ಲವಾದ್ದರಿಂದ ಗುಂಯ್ ಸದ್ದು ಅದರ ಮೂಲಕ ದಾಟಲಾರದು. ಆದರೆ ಅದೇ ಟಿವಿ ಮತ್ತು ರಿಸೀವರ್ ನಡುವೆ ಚಿತ್ರಕ್ಕಾಗಿ ಎಚ್‌ಡಿಎಂಐ ಕೂಡ ಹಾಕಿದ್ದರೆ ತಾಮ್ರದ ದಾರಿ ಉಳಿದೇ ಇರುತ್ತದೆ, ಆಗ ಆಪ್ಟಿಕಲ್‌ನಿಂದ ಪ್ರಯೋಜನವಿಲ್ಲ. ಅಂಥ ಮನೆಗಳಲ್ಲಿ ಸೆಟ್‌ಟಾಪ್ ಬಾಕ್ಸ್‌ಗೆ ಹೊರಗಿನಿಂದ ಬರುವ ಕೇಬಲ್ಲನ್ನು ಒಮ್ಮೆ ಬಿಚ್ಚಿ ನೋಡಬೇಕು. ಸದ್ದು ತಟ್ಟನೆ ನಿಂತರೆ ದೋಷ ಬರುತ್ತಿರುವುದು ಬೀದಿಯ ಕಡೆಯಿಂದ.

ಏಪ್ರಿಲ್‌ನಿಂದ ಜೂನ್‌ವರೆಗೆ ಸಂಜೆ ಹೊತ್ತು ಬರುವ ಗುಡುಗು ಸಿಡಿಲಿನ ಮಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಾಳಿಗೆಯ ಮೇಲಿನ ಡಿಶ್‌ನಿಂದ ಅಥವಾ ವಿದ್ಯುತ್ ತಂತಿಯಿಂದ ನುಗ್ಗಿದ ಸರ್ಜ್ (ಕ್ಷಣಮಾತ್ರದ ಅತಿ ವೋಲ್ಟೇಜ್) ತಾಮ್ರದ ಕೇಬಲ್ ಹಿಡಿದು ಒಂದು ಉಪಕರಣದಿಂದ ಮತ್ತೊಂದಕ್ಕೆ ದಾಟುತ್ತದೆ, ಎಚ್‌ಡಿಎಂಐ ಕಿಂಡಿಗಳು ಸುಡುವುದು ಹೀಗೆ. ಆಪ್ಟಿಕಲ್ ಆ ದಾರಿಯನ್ನು ಕಡಿಯುತ್ತದೆ, ಆದರೆ ಪ್ಲಗ್‌ನ ದಾರಿಯನ್ನಲ್ಲ. ಮೋಡ ಕಟ್ಟಿದಾಗಲೇ ಪ್ಲಗ್ ಮತ್ತು ಡಿಶ್ ಕೇಬಲ್ ಎರಡನ್ನೂ ತೆಗೆದಿಡುವುದೊಂದೇ ಭರವಸೆಯ ಉಪಾಯ.

ಆಪ್ಟಿಕಲ್ ಕೊಂಡ ಮೇಲೆ ಎರಡೂ ತುದಿಗಳ ಪಾರದರ್ಶಕ ಟೋಪಿಗಳನ್ನು ತೆಗೆದು, ಕಿಂಡಿಯ ಆಕಾರಕ್ಕೆ ಹೊಂದಿಸಿ, ಟಕ್ ಎನ್ನುವವರೆಗೆ ಒತ್ತಬೇಕು. ಕೇಬಲ್ಲನ್ನು ಬಳೆಗಿಂತ ಸಣ್ಣ ಸುತ್ತಾಗಿ ಬಗ್ಗಿಸಿದರೆ ಬೆಳಕು ಸೋರಿಹೋಗಿ ಧ್ವನಿ ಕಡಿಯುತ್ತದೆ, ಎಳೆ ಒಳಗೇ ಮುರಿಯಲೂಬಹುದು. ಧೂಳು ಕೂತ ತುದಿಯನ್ನು ಒಣ ಮೃದು ಬಟ್ಟೆಯಿಂದ ಒರೆಸಿದರೆ ಸಾಕು. ಐದು ಮೀಟರ್‌ವರೆಗೆ ಅದನ್ನು ನಂಬಬಹುದು. ಅದಕ್ಕಿಂತ ದೂರವಿದ್ದು ಎರಡೂ ಕಡೆ ಕೋಆಕ್ಸಿಯಲ್ ಇದ್ದರೆ ಅದೇ ಗಟ್ಟಿ. ಕೋಆಕ್ಸಿಯಲ್‌ಗೆ ಬೇಕಾದದ್ದು 75 ಓಮ್‌ನ ಕೇಬಲ್. ಹಳೆಯ ಡಿವಿಡಿ ಪ್ಲೇಯರ್ ಜೊತೆ ಬಂದ ಹಳದಿ ಪಿನ್‌ನ ವಿಡಿಯೋ ಕೇಬಲ್ ಮನೆಯಲ್ಲಿದ್ದರೆ ಅದೂ ಅದೇ ಅಳತೆಯದ್ದಾದ್ದರಿಂದ ಹೊಸದನ್ನು ಕೊಳ್ಳುವ ಮೊದಲು ಅದನ್ನು ಹಾಕಿ ನೋಡುವುದು ಒಳ್ಳೆಯದು.

ಬೆಲೆಯ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಡಿಜಿಟಲ್ ಕೇಬಲ್ ಕೆಟ್ಟಾಗ ಧ್ವನಿ ನಡುನಡುವೆ ಕಡಿಯುತ್ತದೆ, ಚಟಪಟ ಎನ್ನುತ್ತದೆ, ಇಲ್ಲವೇ ಪೂರ್ತಿ ನಿಂತುಹೋಗುತ್ತದೆ. ಅಗ್ಗದ್ದೆಂಬ ಕಾರಣಕ್ಕೆ ತಬಲಾದ ನಾದ ಮಂಕಾಗುವುದಿಲ್ಲ, ಚಿನ್ನದ ಲೇಪವಿದ್ದ ಮಾತ್ರಕ್ಕೆ ಹೊಳಪೇರುವುದೂ ಇಲ್ಲ. ಎಚ್‌ಡಿಎಂಐ ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಅಲ್ಟ್ರಾ ಹೈಸ್ಪೀಡ್ ಎಂಬ ಪ್ರಮಾಣಪತ್ರದ ಲೇಬಲ್ ಇದೆಯೇ ಎಂದು ನೋಡಿ, ಅದರ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿ ಪರಿಶೀಲಿಸಿದರೆ ಸಾಕು. ಈಥರ್‌ನೆಟ್ ಸಹಿತವಾದ ಹೈಸ್ಪೀಡ್ ಕೇಬಲ್ಲೂ ಇಎಆರ್‌ಸಿಗೆ ನಡೆಯುತ್ತದೆ. ಉಳಿದ ಹಣವನ್ನು ದಪ್ಪ ಪರದೆಗೋ ಜಮಖಾನೆಗೋ ಹಾಕುವುದು ಮೇಲು, ಏಕೆಂದರೆ ಶಹಾಬಾದ್ ಫರಸಿ ಹಾಸಿದ ಬರಿದಾದ ಹಾಲ್‌ನಲ್ಲಿ ಮಾತು ಪ್ರತಿಧ್ವನಿಸಿ ಅಸ್ಪಷ್ಟವಾಗುವುದನ್ನು ಯಾವ ಕೇಬಲ್ಲೂ ತಪ್ಪಿಸಲಾರದು.

ಹೊಸ ಮನೆ ಕಟ್ಟಿಸುತ್ತಿರುವವರು ಪ್ಲಾಸ್ಟರ್‌ಗೆ ಮುನ್ನವೇ ಕನ್ಸೀಲ್ಡ್ ಪೈಪಿನ ಅಳತೆ ಯೋಚಿಸಬೇಕು. ಲೈಟು, ಫ್ಯಾನುಗಳಿಗೆ ಹಾಕುವ ಮುಕ್ಕಾಲು ಇಂಚಿನ ಪೈಪಿನಲ್ಲಿ ಎಚ್‌ಡಿಎಂಐ ತುದಿ ತೂರುವುದಿಲ್ಲ. ಟಿವಿಯ ಹಿಂದಿನಿಂದ ರಿಸೀವರ್ ಇಡುವ ಜಾಗದವರೆಗೆ ಎರಡಿಂಚಿನ ಪೈಪನ್ನು, ತೀಕ್ಷ್ಣ ತಿರುವುಗಳಿಲ್ಲದೆ, ವಿದ್ಯುತ್ ತಂತಿಗಳ ಪೈಪಿನಿಂದ ಪ್ರತ್ಯೇಕವಾಗಿ ಕೂಡಿಸಿ, ಒಳಗೊಂದು ನೈಲಾನ್ ಹಗ್ಗ ಬಿಟ್ಟಿರಬೇಕು. ಹತ್ತು ಮೀಟರ್ ದಾಟಿದರೆ ಫೈಬರ್ ಬಳಸಿದ ಎಚ್‌ಡಿಎಂಐ ಬೇಕಾಗುತ್ತದೆ. ಅದಕ್ಕೆ ದಿಕ್ಕಿದೆ, ಒಂದು ತುದಿ ಚಿತ್ರ ಹೊರಡುವ ಉಪಕರಣಕ್ಕೆ, ಇನ್ನೊಂದು ಟಿವಿಗೆ. ಕೆಲವು ಅಂಥ ಕೇಬಲ್‌ಗಳಲ್ಲಿ ಧ್ವನಿ ಹಿಂದಿರುಗುವ ವ್ಯವಸ್ಥೆ ಇರುವುದಿಲ್ಲವಾದ್ದರಿಂದ ಇಎಆರ್‌ಸಿ ಎಂದು ಪೆಟ್ಟಿಗೆಯ ಮೇಲೆ ಬರೆದಿರುವುದನ್ನೇ ಕೊಂಡು, ಪೈಪಿನಲ್ಲಿ ಎಳೆಯುವ ಮೊದಲು ನೆಲದ ಮೇಲೆ ಹಾಸಿ, ಎರಡೂ ತುದಿ ಸಿಕ್ಕಿಸಿ, ಒಂದು ಸಿನಿಮಾ ಪೂರ್ತಿ ನಡೆಸಿ ನೋಡಬೇಕು.