ತಳದ ಗುರುತನ್ನು ಕೊನೆಗೆ ನೋಡಿ: ಹಳೆಯ ಫ್ರೆಂಚ್ ಹೂದಾನಿಯ ಮೂಲ ಪತ್ತೆ

ಹರಾಜಿಗೆ ಬರುವ ಹಳೆ ಪಿಂಗಾಣಿಗೆ ವಿವರ ಬರೆಯುವುದು ನನ್ನ ಕೆಲಸ. ಹಾಗಾಗಿ ನೆಂಟರು, ನೆಂಟರ ಸ್ನೇಹಿತರು ಎಲ್ಲರೂ ನನಗೆ ಹೂದಾನಿಯ ಫೋಟೊ ಕಳಿಸುತ್ತಾರೆ. ಹೆಚ್ಚಾಗಿ ಒಂದೇ ತರಹದ್ದು. ಕಡು ನೀಲಿ ಮೈ, ಚಿನ್ನದ ಅಂಚಿನೊಳಗೆ ತೋಟದಲ್ಲಿ ಕೂತ ಪ್ರೇಮಿಗಳು, ಗಿಲೀಟು ಕೊಟ್ಟ ಕಂಚಿನ ಹಿಡಿಕೆ. ತಳದಲ್ಲಿ ಹೆಣೆದುಕೊಂಡ ಎರಡು 'ಎಲ್' ಅಕ್ಷರ. "ಸೇವ್ರ್ ಅಲ್ವಾ? ರಾಜರ ಕಾಲದ್ದು ಅಲ್ವಾ?" ಸೇವ್ರ್ ಎಂದರೆ ಪ್ಯಾರಿಸ್ ಬಳಿಯ, ಫ್ರಾನ್ಸ್ ರಾಜರ ಪಿಂಗಾಣಿ ಕಾರ್ಖಾನೆ. ಎರಡು 'ಎಲ್' ಅದರ ಗುರುತು.

ಆ ಗುರುತನ್ನು ಕೊನೆಗೆ ನೋಡಿ. ಒಂದು ಕುಂಚ, ಒಂದಿಷ್ಟು ನೀಲಿ ಬಣ್ಣ ಇದ್ದರೆ ಯಾರು ಬೇಕಾದರೂ ಅದನ್ನು ಬರೆಯಬಹುದು. ಬರೆದಿದ್ದಾರೆ ಕೂಡ, ರಾಶಿ ರಾಶಿ.

ಮೊದಲು ಮಣ್ಣು ನೋಡಿ. ಸೇವ್ರ್ ಕಾರ್ಖಾನೆ 1740ರಲ್ಲಿ ಪ್ಯಾರಿಸ್ ಪಕ್ಕದ ವ್ಯಾನ್ಸೆನ್‌ನಲ್ಲಿ ಶುರುವಾಯಿತು. 1756ರಲ್ಲಿ ಸೇವ್ರ್‌ಗೆ ಬಂತು, 1759ರಲ್ಲಿ ದೊರೆ ಹದಿನೈದನೇ ಲೂಯಿ ಪೂರ್ತಿ ಕೊಂಡುಕೊಂಡ. ಆಗ ಅವರ ಹತ್ತಿರ ಇದ್ದದ್ದು ಮೃದು ಪಿಂಗಾಣಿ ಮಾತ್ರ. ಗಟ್ಟಿ ಪಿಂಗಾಣಿಗೆ ಬೇಕಾದ ಕೇಓಲಿನ್ ಜೇಡಿಮಣ್ಣು ಲಿಮೋಜ್ ಬಳಿ ಸಿಕ್ಕಿದ್ದೇ 1768ರಲ್ಲಿ. ಹೂದಾನಿಯ ಪಾದದಲ್ಲಿ ಚಕ್ಕೆ ಎದ್ದ ಜಾಗವಿದ್ದರೆ ಭೂತಗನ್ನಡಿ ಹಿಡಿಯಿರಿ. ಮೃದು ಪಿಂಗಾಣಿ ತರಿತರಿಯಾಗಿ ಒಡೆದಿರುತ್ತದೆ, ಗಟ್ಟಿಯದ್ದು ನುಣುಪಾಗಿ, ಹೊಳಪಾಗಿ. ಆಮೇಲೆ ಟಾರ್ಚನ್ನು ಓರೆಯಾಗಿ ಹಿಡಿದು ಚಿತ್ರ ನೋಡಿ. ಮೃದು ಪಿಂಗಾಣಿಯಲ್ಲಿ ಬಣ್ಣ ಗ್ಲೇಜಿನೊಳಗೆ, ಅಂದರೆ ಮೇಲಿನ ಗಾಜಿನಂಥ ಲೇಪದೊಳಗೆ, ಇಳಿದು ಕೂತಿರುತ್ತದೆ. ಗಟ್ಟಿಯದ್ದರಲ್ಲಿ ಮೇಲೇ ನಿಂತಿರುತ್ತದೆ, ಬೆರಳ ತುದಿಗೆ ಅಂಚು ಸಿಗುತ್ತದೆ.

ಈಗ ತಳ ತಿರುಗಿಸಿ. ಎರಡು 'ಎಲ್' ನಡುವಿನ ಅಕ್ಷರ ವರ್ಷ ಹೇಳುತ್ತದೆ. 'ಎ' ಎಂದರೆ 1753, 'ಝಡ್' ಎಂದರೆ 1777, ಮುಂದೆ ಜೋಡಿ ಅಕ್ಷರಗಳು. ಒಂದು ಜೋಡಿ ಹೂದಾನಿಯ ಮೇಲೆ 'ಡಿ' ಇತ್ತು, ಅಂದರೆ 1756. ಆದರೆ ಮಣ್ಣು ಗಟ್ಟಿ ಪಿಂಗಾಣಿ! ಮೈಯ ನೀಲಿ ಎಲ್ಲೂ ಕಲೆಯಿಲ್ಲದೆ ಒಂದೇ ಸಮ. ಅಂಥ ನೀಲಿ ಸೇವ್ರ್‌ಗೆ ಬಂದದ್ದು 1763ರಲ್ಲಿ. ಎಕ್ಸ್-ರೇ ಪರೀಕ್ಷೆಯಲ್ಲಿ ಎಲೆಗಳ ಹಸಿರಿನಲ್ಲಿ ಕ್ರೋಮಿಯಂ ಸಿಕ್ಕಿತು. ಕ್ರೋಮಿಯಂ ಎಂಬ ಧಾತು ಪತ್ತೆಯಾದದ್ದೇ 1797ರಲ್ಲಿ. ಸಾಲದ್ದಕ್ಕೆ ಚಿತ್ರದ ಮೂಲೆಯಲ್ಲಿ ಕಲಾವಿದನ ಪೂರ್ತಿ ಸಹಿ. ಹದಿನೆಂಟನೇ ಶತಮಾನದ ಸೇವ್ರ್ ಕಲಾವಿದರು ಸಾಮಾನ್ಯವಾಗಿ ತಳದಲ್ಲಿ ಸಣ್ಣದೊಂದು ಚಿಹ್ನೆ ಹಾಕಿ ಸುಮ್ಮನಾಗುತ್ತಿದ್ದರು.

ಇಂಥವು ಹತ್ತೊಂಬತ್ತನೇ ಶತಮಾನದ ಪ್ಯಾರಿಸ್ ಮಾಲು. 1845ರಲ್ಲಿ ಶುರುವಾದ ಸಾಂಸೋನ್ ಎಂಬ ಪ್ಯಾರಿಸ್ ಸಂಸ್ಥೆಯಂತೂ ನಕಲಿಗೇ ಹೆಸರುವಾಸಿ.

ಇದಕ್ಕಿಂತ ಜಾಸ್ತಿ ತಲೆ ತಿನ್ನುವುದು ಅರ್ಧ ಅಸಲಿ. 1800ರಲ್ಲಿ ಸೇವ್ರ್ ಕಾರ್ಖಾನೆಗೆ ನಿರ್ದೇಶಕನಾಗಿ ಬಂದ ಬ್ರೋನ್ಯಾರ್ ಮೃದು ಪಿಂಗಾಣಿ ನಿಲ್ಲಿಸಿದ, ಉಳಿದಿದ್ದ, ಚಿತ್ರ ಬರೆಯದ ಬಿಳಿ ಸಾಮಾನನ್ನು ಮಾರಿಬಿಟ್ಟ. ಕೊಂಡವರು ಪ್ಯಾರಿಸ್ಸಿನಲ್ಲಿ, ಇಂಗ್ಲೆಂಡಿನಲ್ಲಿ ಅದಕ್ಕೆ ಹಳೇ ಶೈಲಿಯ ಚಿತ್ರ ಬರೆಸಿದರು. ಮಣ್ಣು ಸೇವ್ರ್‌ನದು, ಚಿತ್ರ ಹೊರಗಿನವರದು. 1848ರ ನಂತರದ ಸೇವ್ರ್ ಮಾಲಿನಲ್ಲಿ ಹಸಿರು ಅಂಡಾಕಾರದೊಳಗೆ 'ಎಸ್' ಮತ್ತು ವರ್ಷದ ಕೊನೆಯ ಎರಡು ಅಂಕಿ ಇರುತ್ತದೆ. ಅದರ ಮೇಲೆ ಗೀರು ಎಳೆದಿದ್ದರೆ ಬಿಳಿಯಾಗಿಯೇ ಮಾರಿದ್ದು ಎಂದರ್ಥ.

ಗುರುತೇ ಇಲ್ಲದಿದ್ದರೆ ಬೇಜಾರು ಬೇಡ. ನಾಸ್ತ್, ದಾಗೋತಿ, ದೀಲ್ ಮುಂತಾದ ಪ್ಯಾರಿಸ್ ಕಾರ್ಖಾನೆಗಳ ಕಾಲದ ಎಷ್ಟೋ ಒಳ್ಳೆಯ ಹೂದಾನಿಗಳ ತಳ ಖಾಲಿ. ಸುಳ್ಳು 'ಎಲ್' ಇರುವುದಕ್ಕಿಂತ ನನಗೆ ಅವೇ ಇಷ್ಟ.

ಇನ್ನು ಕಾಗದ ಪತ್ರ. ಸೇವ್ರ್‌ನ ಮಾರಾಟದ ಲೆಕ್ಕಪುಸ್ತಕಗಳು ಇವತ್ತಿಗೂ ಉಳಿದಿವೆ. ಆದರೆ ಅಲ್ಲಿನ ಒಂದು ಸಾಲು ನಿಮ್ಮ ಹೂದಾನಿಯದ್ದೇ ಎನ್ನಲು ಆಕಾರ, ಬಣ್ಣ, ಚಿತ್ರ ಎಲ್ಲವೂ ತಾಳೆಯಾಗಬೇಕು. ತಳದ ಹಳೇ ಚೀಟಿ, ಸೀಮೆಸುಣ್ಣದ ಅಂಕಿ ಏನಿದ್ದರೂ ಒರೆಸಬೇಡಿ, ಮೊದಲು ಫೋಟೊ ತೆಗೆಯಿರಿ. ಫ್ರೆಂಚ್ ಕ್ರಾಂತಿಯ ನಡುವೆ 1793ರಲ್ಲಿ ವರ್ಸೈಲ್ಸ್ ಅರಮನೆಯ ಸಾಮಾನು ಹರಾಜಾಗತೊಡಗಿತು. "ಅರಮನೆಯದ್ದು" ಎನ್ನುವವರು ಅಲ್ಲಿಂದ ಮುಂದೆ ಯಾರ ಕೈಯಿಂದ ಯಾರ ಕೈಗೆ ಬಂತು ಎಂದು ತೋರಿಸಬೇಕು.

ನಮ್ಮ ಕಡೆ ಇನ್ನೊಂದು ಕಥೆ ಕೇಳುತ್ತದೆ: "ಇದು ಟಿಪ್ಪುವಿನದು." ತಳ್ಳಿಹಾಕುವ ಮಾತಲ್ಲ. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ಹದಿನಾರನೇ ಲೂಯಿಯನ್ನು ಕಂಡಿದ್ದರು, ಸೇವ್ರ್ ಪಿಂಗಾಣಿಯ ಉಡುಗೊರೆಯೂ ಬಂದಿತ್ತು. ಹಾಗಾದರೆ ತಳದ ವರ್ಷ ಅದರ ಆಚೆಗೆ ಹೋಗಬಾರದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಯಾರು ಒಯ್ದರು, ಆಮೇಲೆ ಯಾರಿಗೆ ಮಾರಿದರು, ಅದಕ್ಕೆ ಪತ್ರವೋ ಉಯಿಲೋ ಇದೆಯೋ ಎಂದು ಕೇಳಿ. ಇಲ್ಲವೆಂದರೆ ಬಿಲ್ಲಿನಲ್ಲಿ ಟಿಪ್ಪುವಿನ ಹೆಸರು ತೆಗೆಸಿ, ಹೂದಾನಿಗೆ ಎಷ್ಟೋ ಅಷ್ಟೇ ದುಡ್ಡು ಕೊಡಿ.